ರಗ್ಬಿ ಮೈದಾನಕ್ಕಾಗಿ ಅಂಗಡಿ ಅಂಗಡಿ ಅಲೆದದ್ದು

ಎಂಬತ್ತರ ದಶಕದ ಆ ವರ್ಷವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಅಮೆರಿಕದ ಯೂನಿಯನ್ ಸಿಟಿಯ ನಮ್ಮ ರಗ್ಬಿ ಲೀಗ್ ಕ್ಲಬ್ಬಿಗೆ ಆಡಲು ಇದ್ದದ್ದು ಪಾರ್ಕಿನ ಒಂದೇ ಒಂದು ಮೈದಾನ. ಸುತ್ತಲಿನ ಅಂಗಡಿಯವರು ಬೆಂಬಲದ ಕಾಗದ ಬರೆದುಕೊಟ್ಟರೆ ಮಾತ್ರ ಅದು ನಿಮಗೆ, ಇಲ್ಲವಾದರೆ ಬೇರೆಯವರಿಗೆ ಎಂದು ಸಿಟಿ ಆಫೀಸಿನವರು ಖಡಾಖಂಡಿತವಾಗಿ ಹೇಳಿದ್ದರು.

ಕಾಗದ ಯಾರು ಕೊಡುತ್ತಾರೆ? ಒಂದು ಕಾಲಕ್ಕೆ ಅಂಗಡಿ ಬಾಗಿಲು ಹಾಕಿಕೊಂಡು ನಮ್ಮ ಆಟ ನೋಡಲು ಬರುತ್ತಿದ್ದವರೇ ನಮ್ಮನ್ನು ಕಂಡರೆ ಮುಖ ತಿರುಗಿಸುವಂತೆ ನಮ್ಮ ಆಟಗಾರರು ಮಾಡಿಟ್ಟಿದ್ದರು. ಗೆದ್ದ ಸಂತೋಷಕ್ಕೆ ಕುಡಿದು ಪಿಜ್ಜಾ ಅಂಗಡಿಯ ಗಾಜು ಒಡೆದಿದ್ದರು. ಕೆಸರು ಬೂಟಿನಲ್ಲೇ ಲಾಂಡ್ರಿಗೆ ನುಗ್ಗಿದ್ದರು. ಇಷ್ಟಾದ ಮೇಲೆ ನಮ್ಮ ಅಧ್ಯಕ್ಷ ಮಹಾಶಯ ಮಾಡಿದ್ದೇನು ಗೊತ್ತೆ? ಟೈಪ್ ಮಾಡಿದ ಒಂದೇ ಪತ್ರವನ್ನು ಎಲ್ಲರಿಗೂ ಪೋಸ್ಟಿನಲ್ಲಿ ಕಳಿಸಿ ಕೈತೊಳೆದುಕೊಂಡ! ಒಂದಕ್ಕೂ ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ?

ನಾನು ಮಂಡ್ಯ ಕಡೆಯವನು. ಕಾಲೇಜಿನಲ್ಲಿ ಕಬಡ್ಡಿ ಆಡಿದ ಸೊಕ್ಕಿನಲ್ಲಿ ಈ ಕ್ಲಬ್ಬು ಸೇರಿ, ಮಂಡಿ ಕೆಡಿಸಿಕೊಂಡ ಮೇಲೆ ಅದರ ಕಾರ್ಯದರ್ಶಿಯಾಗಿದ್ದೆ. ಮೀಟಿಂಗಿನಲ್ಲಿ ಕೂಗಾಡಿದೆ.

"ನಮ್ಮ ಕಡೆ ಮದುವೆಗೆ ಕರೆಯೋಕೆ ಮನೆಬಾಗಿಲಿಗೇ ಹೋಗ್ತೀವಿ. ಪೋಸ್ಟಿನಲ್ಲಿ ಕರೆದ್ರೆ ಅದು ಕರೆದ ಹಾಗೇ ಅಲ್ಲ!"

ಅಧ್ಯಕ್ಷ ನಕ್ಕ. ನಗದೆ ನನ್ನ ಜೊತೆ ಎದ್ದು ಬಂದವನು ನಮ್ಮ ಕ್ಯಾಪ್ಟನ್ ಒಬ್ಬನೇ. ಟೋಂಗಾ ದ್ವೀಪದವನು, ಟ್ರಕ್ ಓಡಿಸುತ್ತಿದ್ದ. ಆಳು ಬಾಗಿಲ ತುಂಬ ಇದ್ದರೂ ಮಾತು ಬಲು ಮೆದು.

ಎರಡು ತಿಂಗಳು, ಪ್ರತಿ ಶನಿವಾರ, ನಾವಿಬ್ಬರೂ ತಟ್ಟೆಯಲ್ಲಿ ಹಣ್ಣು, ತೆಂಗಿನಕಾಯಿ ಇಟ್ಟುಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದೆವು. ಚೆನ್ನಾಗಿ ಬೈಸಿಕೊಂಡೆವು. ಗಾಜು ಒಡೆದವರನ್ನೇ ಎಳೆದು ತಂದು ಕ್ಯಾಪ್ಟನ್ ಪಿಜ್ಜಾ ಅಂಗಡಿಯ ನೆಲ ಒರೆಸಿಸಿದ. ಲಾಂಡ್ರಿಯ ಮುದುಕಿ ತೆಂಗಿನಕಾಯಿ ಹಿಡಿದು, "ಇದನ್ನೇನು ಮಾಡಲಿ?" ಎಂದು ಗದರಿ, ಆಮೇಲೆ ಕಾಗದಕ್ಕೆ ಸಹಿ ಹಾಕಿದಳು. ನಾವು ಹೋದ ಕಡೆಯೆಲ್ಲ ಒಬ್ಬೊಬ್ಬರಾಗಿ ಹಾಕಿಕೊಟ್ಟರು.

ತೀರ್ಮಾನದ ದಿನ ಸಿಟಿ ಆಫೀಸಿನ ಅಧಿಕಾರಿ, ಒಬ್ಬ ಹೆಂಗಸು, ಕಾಗದಗಳನ್ನೆಲ್ಲ ತಿರುವಿ ನೋಡಿದಳು.

"ನಿಮ್ಮವರು ಕಾರು ನಿಲ್ಲಿಸುವುದು ಮೂಲೆಯ ಇಂಡಿಯನ್ ಗ್ರೋಸರಿ ಮುಂದೆ. ಅವರ ಕಾಗದ ಎಲ್ಲಿ?"

ಆ ಗ್ರೋಸರಿಯವನು ಹಾಸನದವನು, ನನ್ನ ಗೆಳೆಯ. ಅಲ್ಲೇ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಎದ್ದು ನಿಂತು, "ನನ್ನನ್ನು ಯಾರೂ ಕೇಳಲಿಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತ. ಅಷ್ಟೇ. ಮೈದಾನ ಸಾಕರ್‌ನವರ ಪಾಲಾಯಿತು.

ಹೊರಗೆ ಬಂದವನೇ ಅವನ ಕಾಲರಿಗೇ ಕೈ ಹಾಕಿದೆ.

"ಥೂ, ನಮ್ಮೋನಾಗಿ ಹೀಗಾ ಮಾಡೋದು? ನಮ್ ಪರವಾಗಿ ಒಂದು ಮಾತು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ಅವನು ಕೈ ಕೊಡವಿಕೊಂಡ.

"ಹಿತ್ತಲ ಗಿಡ ಮದ್ದಲ್ಲ, ಅಲ್ವೇನಯ್ಯಾ? ಪ್ರತಿ ಶನಿವಾರ ನನ್ನ ಅಂಗಡೀಲೇ ಹಣ್ಣು ಕಾಯಿ ತಗೊಂಡು ಊರೋರ್ನೆಲ್ಲ ಕರೆಯೋಕೆ ಹೋದೆ. ನನ್ನನ್ನ ಒಂದು ಮಾತು ಕೇಳಿದ್ಯಾ? ಇವತ್ತಾದ್ರೂ ಕೇಳ್ತೀಯೇನೋ ಅಂತ ಅಂಗಡಿ ಮುಚ್ಚಿ ಬಂದು ಕೂತಿದ್ದೆ."

ಕೇಳಿರಲಿಲ್ಲ. ನಮ್ಮವನೇ ತಾನೆ, ಇವನನ್ನು ಬೇರೆ ಕೇಳಬೇಕೆ ಎಂದುಕೊಂಡಿದ್ದೆ.

ಅವನು ಹೋದ ಮೇಲೆ ಕ್ಯಾಪ್ಟನ್ ಹತ್ತಿರ ಬಂದು, ಏನಂದ ಎಂದು ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಷ್ಟು ದಿನ ಯಾರ ಮೇಲೂ ದನಿ ಏರಿಸದಿದ್ದ ಮನುಷ್ಯ ಬೀದಿಯಲ್ಲೇ ಕಿರುಚಿದ.

"ಅವನು ನಿನ್ನ ಗೆಳೆಯನಾ? ಗುರುತಿಲ್ಲದವರ ಮುಂದೆಲ್ಲ ತಲೆ ತಗ್ಗಿಸಿ ಕ್ಷಮೆ ಕೇಳುವಂತೆ ನೀನು ಮಾಡಿದೆ, ನಾನೂ ಕೇಳಿದೆ. ನಿನ್ನ ಗೆಳೆಯನನ್ನು ಒಂದು ಮಾತು ಕೇಳಲು ನಿನಗೇನಾಗಿತ್ತು?"

ಉತ್ತರಕ್ಕೂ ಕಾಯದೆ ಟ್ರಕ್ ಹತ್ತಿ ಹೊರಟುಹೋದ.