ಬಿಸಿಲುಗೂಡಿನಲ್ಲಿ ನನ್ನ ಮದುವೆ

ನನ್ನ ಮದುವೆ ತಡವಾದದ್ದು ಹಸಿ ಹಲಗೆಗಳ ದೆಸೆಯಿಂದ. ಹೀಗೆಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಧಾರವಾಡದ ಕಡೆಯವರು. ಅಪ್ಪ ಕೇಂದ್ರ ಸರ್ಕಾರದ ನೌಕರಿಯ ಮೇಲೆ ವಡೋದರಾಕ್ಕೆ ಬಂದವರು, ಮಂಜಲ್‌ಪುರದಲ್ಲಿ ಮನೆ ಕಟ್ಟಿ ಅಲ್ಲೇ ನಿಂತುಬಿಟ್ಟರು. ನಾನು ಸೂರತ್‌ನಲ್ಲಿ ಕೆಲಸಕ್ಕಿದ್ದೆ. ಅಲ್ಲಿಯೇ ಉಧ್ನಾ ಬಡಾವಣೆಯ ಒಬ್ಬ ಗುಜರಾತಿ ಹುಡುಗನನ್ನು ಮದುವೆಯಾಗುತ್ತೇನೆಂದು ಒಂದು ಶನಿವಾರ ಮನೆಗೆ ಬಂದು ಹೇಳಿದೆ. ಅವ್ವ ಅತ್ತಳು, ಮಾತು ಬಿಟ್ಟಳು, ಆಮೇಲೆ ಹುಡುಗ ಖಾರ ತಿನ್ನುತ್ತಾನೋ ಇಲ್ಲವೋ ಎಂದು ವಿಚಾರಿಸಿದಳು. ಅಂದರೆ ಒಪ್ಪಿದಳು. ಅಪ್ಪ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಆ ಮಳೆಗಾಲದ ಗಾಳಿಗೆ ನಮ್ಮ ಹಿತ್ತಲಿನ ಮಾವಿನ ಮರ ಬಿದ್ದಿತ್ತು. ನಮ್ಮ ಮನೆತನದಲ್ಲಿ ಹಸೆಮಣೆಯನ್ನು ಅಂಗಡಿಯಿಂದ ತರುವ ಪದ್ಧತಿಯಿಲ್ಲ. ಹೆಣ್ಣಿನ ತಂದೆ ತನ್ನ ಹಿತ್ತಲಿನ ಮರದಿಂದಲೇ ಎರಡು ಮಣೆ ಮಾಡಬೇಕು, ವರನಿಗೊಂದು, ವಧುವಿಗೊಂದು. ಬಿರುಕು ಬಿಟ್ಟ ಮಣೆಯ ಮೇಲೆ ಯಾರನ್ನೂ ಕೂಡಿಸುವಂತಿಲ್ಲ. ಉಧ್ನಾದವರು ಮುಹೂರ್ತ ಕೇಳಿದಾಗ ಅಪ್ಪನ ಬಾಯಿಂದ ಬಂದದ್ದು ಒಂದೇ ಮಾತು: "ಮೊದ್ಲ ಹಲಗಿ ಒಣಗ್ಲಿ. ಆಮ್ಯಾಲ ಮುಹೂರ್ತ."

ಗರಗಸದವರನ್ನು ಕರೆಸಿ ಹಿತ್ತಲಲ್ಲೇ ದಿಮ್ಮಿಯನ್ನು ಹಲಗೆಗಳಾಗಿ ಕೊಯ್ಯಿಸಿದರು. ಹಾಗೇ ಗೋಡೆಗೆ ಒರಗಿಸಿಟ್ಟರೆ ಒಣಗಲು ವರ್ಷವಾದರೂ ಬೇಕು. "ಬ್ಯಾಳಿ ಬೇಯಿಸೋ ಬಿಸಲಿಗೆ ಹಲಗಿ ಒಣಗಂಗಿಲ್ಲೇನು?" ಎಂದು ಅಪ್ಪ ತಾವೇ ಒಂದು ಗೂಡು ಕಟ್ಟತೊಡಗಿದರು. ಅವ್ವ ಬಿಸಿಲಿನಲ್ಲಿಟ್ಟು ಬೇಳೆ ಬೇಯಿಸುತ್ತಿದ್ದ ಸೋಲಾರ್ ಕುಕ್ಕರನ್ನೇ ಹಿಗ್ಗಿಸಿದಂತಿತ್ತು ಅದು. ಬಿದಿರಿನ ಚೌಕಟ್ಟು, ದಕ್ಷಿಣಕ್ಕೆ ಇಳಿಜಾರಾಗಿ ಬಿಗಿದ ಪ್ಲಾಸ್ಟಿಕ್ ಹಾಳೆ, ಒಳಗೆ ಕಪ್ಪು ಬಣ್ಣ ಬಳಿದ ತಗಡು, ಹಸಿ ಗಾಳಿ ಹೊರಗೆ ಹೋಗಲು ಹಿಂದೆ ಮೇಲೊಂದು ಕೆಳಗೊಂದು ಕಿಂಡಿ. ಹಲಗೆಗಳ ನಡುವೆ ಗಾಳಿಯಾಡಲು ಸಣ್ಣ ಪಟ್ಟಿಗಳಿಟ್ಟು, ಮೇಲೆ ಕಲ್ಲು ಹೇರಿ, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನೂ ಒಳಗೆ ಇಟ್ಟರು. ಅವ್ವ ತಲೆ ಚಚ್ಚಿಕೊಂಡಳು. "ಮನುಷ್ಯಾರು ಬೀಸಣಿಕಿ ಬೀಸ್ಕೋಬೇಕು, ಕಟ್ಟಿಗಿಗೆ ಫ್ಯಾನು! ಛಲೋ ಆತು ನಮ್ಮ ಸಂಸಾರ."

ನಾನು ವಾರಕ್ಕೊಮ್ಮೆ ಸೂರತ್‌ನಿಂದ ರೈಲಿನಲ್ಲಿ ಬರುತ್ತಿದ್ದೆ. ಬಂದವಳೇ ಹಲಗೆಯ ಒಂದು ತುಂಡನ್ನು ತಕ್ಕಡಿಗೆ ಹಾಕುವುದು ನನ್ನ ಕೆಲಸ. ತೂಕ ಇಳಿಯುವುದು ನಿಂತರೆ ಒಣಗಿದಂತೆ. ಅದು ಇಳಿಯುತ್ತಲೇ ಇತ್ತು. ಬಿಸಿಲು ಜೋರಾದ ದಿನ ಹಲಗೆ ಸೀಳೀತೆಂದು ಅಪ್ಪ ಪ್ಲಾಸ್ಟಿಕ್ಕಿನ ಮೇಲೆ ಗೋಣಿಚೀಲ ಹೊದಿಸುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಒಣಗಲೆಂದು ಗೂಡು ಕಟ್ಟಿ ಬಿಸಿಲಿಗೇ ಮರೆ ಮಾಡುತ್ತಾರಲ್ಲ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಟ ಇದು, ಬಾಯಿಬಿಟ್ಟು ಬೇಡವೆನ್ನಲಾಗದೆ ಹಲಗೆಯ ನೆಪ ಹೂಡಿದ್ದಾರೆ ಎಂದುಕೊಂಡೆ.

ಉಧ್ನಾದಲ್ಲಿ ಹುಡುಗನ ತಾಯಿ ಮೊದಮೊದಲು ನಗುತ್ತಲೇ ಕೇಳುತ್ತಿದ್ದರು, "ಲಾಕ್ಡು ಸುಕಾಯು?" ಕಟ್ಟಿಗೆ ಒಣಗಿತೇ ಎಂದು. ಚಳಿಗಾಲ ಮುಗಿಯುವ ಹೊತ್ತಿಗೆ ನಗು ನಿಂತಿತು. ಹೋಳಿಯೊಳಗೆ ನಿಮ್ಮ ತಂದೆ ಮಾತು ಕೊಡದಿದ್ದರೆ ನಾವು ಬೇರೆ ಹೆಣ್ಣು ನೋಡುತ್ತೇವೆ ಎಂದು ಒಂದು ದಿನ ನೇರವಾಗಿಯೇ ಹೇಳಿದರು. ಹುಡುಗ ತಲೆ ತಗ್ಗಿಸಿ ಕೂತಿದ್ದ. ಅಂದು ರೈಲಿನಲ್ಲಿ ದಾರಿಯುದ್ದಕ್ಕೂ ಅಪ್ಪನಿಗೆ ಏನು ಹೇಳಬೇಕೆಂದು ಹಲ್ಲು ಕಚ್ಚಿ ಯೋಚಿಸುತ್ತಿದ್ದೆ.

ಮನೆಗೆ ಬಂದು ಹಿತ್ತಲಿಗೆ ಹೋದರೆ, ಅಪ್ಪ ಗೂಡಿನೊಳಗೆ ಬಗ್ಗಿ ಹಲಗೆಗಳಿಗೆ ತಂಬಿಗೆಯಿಂದ ನೀರು ಚಿಮುಕಿಸುತ್ತಿದ್ದರು.

"ಅಪ್ಪಾ! ನೀರು ಹಾಕ್ಲಿಕ್ಕತ್ತೀರೇನು? ಮನಸ್ಸಿಲ್ಲಂದ್ರ ಇಲ್ಲ ಅಂತ ಹೇಳ್ರಿ. ಈ ನಾಟಕ ಯಾಕ?"

ಅಪ್ಪ ತಂಬಿಗೆ ಕೆಳಗಿಟ್ಟರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ.

"ಹಲಗಿ ಒಣಗ್ಯಾವ ತಂಗಿ. ಮ್ಯಾಲಿನ ಮೈ ಬಿಗದು ಕೂತದ. ಹಿಂಗ ಕೊಯ್ದರ ಡೊಂಕಾಗ್ತದ. ಒಂಚೂರು ನೀರು ಚಿಮುಕ್ಸಿ, ಕಿಂಡಿ ಮುಚ್ಚಿ, ಒಳಗ ಹಬಿ ಆಡ್ಸಿ ಸಡ್ಲ ಮಾಡ್ಬೇಕು." ಹಿಂದಿನ ಕಿಂಡಿ ಮುಚ್ಚುತ್ತ ಹೇಳಿದರು, "ಒಣಗದಿದ್ರ ಛಲೋ ಅಂತ ಅನಸಿದ್ದು ಖರೆ. ಆದ್ರ ನೀರು ಹಾಕಿದ್ದು ಅದಕ್ಕಲ್ಲ."

ನಾನು ತುಂಡನ್ನು ತಕ್ಕಡಿಗೆ ಹಾಕಿದೆ. ಹೋದ ವಾರದ ತೂಕವೇ ಇತ್ತು. ಹಲಗೆ ಒಣಗಿದ್ದು ನಿಜ, ಆದರೆ ಮದುವೆಗೆ ಒಪ್ಪಿಗೆಯ ಮಾತು ಅವರ ಬಾಯಿಂದ ಇನ್ನೂ ಬಂದಿರಲಿಲ್ಲ. ಕೇಳಲು ನನಗೂ ಧೈರ್ಯ ಬರಲಿಲ್ಲ. ಹಾಗೇ ಸೂರತ್‌ಗೆ ಮರಳಿದೆ.

ಮುಂದಿನ ವಾರ ಬಂದಾಗ ನಡುಮನೆಯಲ್ಲಿ ಒಂದು ಮಣೆ ಇತ್ತು. ನುಣ್ಣಗೆ ಉಜ್ಜಿದ್ದು, ಎಲ್ಲೂ ಒಂದು ಗೆರೆಯಷ್ಟು ಬಿರುಕಿರಲಿಲ್ಲ. ಇನ್ನೊಂದಕ್ಕಾಗಿ ಸುತ್ತ ನೋಡಿದೆ, ಇರಲಿಲ್ಲ. ವರನನ್ನು ಬಿಟ್ಟು ಮಗಳಿಗಷ್ಟೇ ಮಾಡಿದ್ದಾರೆ, ಮಾತು ಮುಗಿಯಿತು ಎಂದುಕೊಂಡೆ.

"ಯಾರದಪ್ಪಾ ಇದು?"

"ಹುಡುಗಂದು. ಎತ್ತರದ ಆಳು ಅಂತ ನಿಮ್ಮವ್ವ ಅಂದ್ಲು, ಒಂದೀಟು ಅಗಲ ಬಿಟ್ಟೀನಿ. ಮುಹೂರ್ತ ನೋಡ್ರಿ ಅಂತ ಅವರಿಗೆ ಹೇಳು."

"ನಂದು?"

ಅಪ್ಪ ಹಿತ್ತಲ ಕಡೆ ತಿರುಗಿದರು. "ನಿಂದು ಇನ್ನೂ ಗೂಡಿನಾಗ ಅದ. ಇರ್ಲಿ ಬಿಡವಾ. ಇನ್ನೊಂದೀಟು ದಿನ ಇರ್ಲಿ."

ಇಷ್ಟು ದಿನ ಆ ಹುಡುಗ ಬೇಡವೆಂದು ಅಪ್ಪ ತಡೆಯುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಹಿತ್ತಲಿಗೆ ಹೋಗಿ ನೋಡಿದೆ. ಖಾಲಿ ಗೂಡಿನ ನಡುವೆ ಒಂದೇ ಹಲಗೆ ಮಲಗಿತ್ತು. ಮುಟ್ಟಿದೆ, ಚೆನ್ನಾಗಿ ಒಣಗಿತ್ತು. ಅದು ಅಪ್ಪನಿಗೂ ಗೊತ್ತಿತ್ತು. ಅಳು ಉಕ್ಕಿ ಬಂತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಬಂದು, "ಹೌದಪ್ಪಾ, ಇನ್ನೂ ಹಸಿ ಅದ," ಎಂದೆ.