ಕನ್ನಪ್ಪನ ಮೂಕಿ ಭಾರ

ಕನ್ನಪ್ಪನ ಅಜ್ಜ ಗಿರಿಯಪ್ಪ ಹುಲಿಕಲ್ ಘಾಟಿಯಲ್ಲಿ ಉಪ್ಪಿನ ಗಾಡಿ ಹೊಡೆದವನು. ಒಮ್ಮೆ ಕುಂದಾಪುರದಿಂದ ಉಪ್ಪು, ಒಣಮೀನು ಹೇರಿಕೊಂಡು ಬರುವಾಗ ನಡು ಏರಿನಲ್ಲಿ ಬಲಗಡೆಯ ಎತ್ತು ಮುಗ್ಗರಿಸಿತು. ಗಿರಿಯಪ್ಪ ನೊಗಕ್ಕೆ ತನ್ನ ಹೆಗಲು ಕೊಟ್ಟು, ಎತ್ತು ಏಳುವ ತನಕ ಗಾಡಿಯನ್ನು ತಡೆದು ನಿಲ್ಲಿಸಿದ. ಅಂದು ಹೆಗಲಿನ ಮೇಲೆ ಎದ್ದ ಗಂಟು ಅವನು ಸಾಯುವವರೆಗೂ ಇಳಿಯಲಿಲ್ಲ. ಕನ್ನಪ್ಪನ ಅಪ್ಪ ಚಂದ್ರಯ್ಯ ಅಜ್ಜನಿಗಿಂತ ಒಂದು ಕೈ ಮೇಲೆ. ಅಣೆಕಟ್ಟು ಕಟ್ಟಿ ಶರಾವತಿಯ ನೀರು ಏರಿ ಬಂದಾಗ ಮುಳುಗುವ ಊರುಗಳಿಂದ ಮೂವತ್ತೆಂಟು ಮನೆಯ ಸಾಮಾನನ್ನು ಮೇಲಿನ ಊರುಗಳಿಗೆ ಸಾಗಿಸಿದವನು. ಬಾಗಿಲುವಾಡ, ಒರಳುಕಲ್ಲು, ತಾಮ್ರದ ಹಂಡೆ, ಕಾವು ಕೂತ ಕೋಳಿ ಸಮೇತ ಬುಟ್ಟಿ, ಎಲ್ಲವೂ ಅವನ ಗಾಡಿಯಲ್ಲಿ ಹೋಯಿತು. ಒಂದು ಮಡಕೆ ಒಡೆಯಲಿಲ್ಲ. ಕೋಳಿ ಕಾವಿನಿಂದ ಏಳಲೂ ಇಲ್ಲ.

ಇವರಿಬ್ಬರು ಕನ್ನಪ್ಪನಿಗೆ ಬಿಟ್ಟುಹೋದ ಆಸ್ತಿಯೆಂದರೆ ಮೂಕಿ ಭಾರದ ವಿದ್ಯೆ. ಗಾಡಿಯಿಂದ ನೊಗದವರೆಗೆ ಚಾಚಿದ ಉದ್ದನೆಯ ಮರವೇ ಮೂಕಿ. ಹೇರು ಹಿಂದಕ್ಕೆ ಜಾರಿದರೆ ಏರಿನಲ್ಲಿ ಮೂಕಿ ಮೇಲೆದ್ದು, ಕೊರಳ ಹಗ್ಗ ಎತ್ತಿನ ಗಂಟಲು ಹಿಸುಕುತ್ತದೆ. ಅದಕ್ಕೇ ಏರುದಾರಿಗೆ ಹೊರಡುವವನು ಭಾರವನ್ನು ಮುಂದಕ್ಕೆ, ಮೂಕಿಯ ಕಡೆಗೆ ಕೂರಿಸಬೇಕು. ಎಷ್ಟು ಎನ್ನುವುದಕ್ಕೆ ಅಳತೆಯಿಲ್ಲ. ಮೂಕಿಯ ತುದಿಗೆ ಅಂಗೈ ಕೊಟ್ಟು ಎತ್ತಿ ನೋಡಿದಾಗ ಮೈಗೆ ತಿಳಿಯಬೇಕು. ಹೊಸನಗರದ ಸುತ್ತಮುತ್ತ ಹೇರು ಕಟ್ಟುವುದಿದ್ದರೆ ಜನ ಕನ್ನಪ್ಪನನ್ನೇ ಕರೆಯುತ್ತಿದ್ದರು.

ಎಪ್ಪತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ ಮಂಜುನಾಥಪ್ಪ ಗೌಡರು ಊರಿಗೆ ಮೊದಲ ಪವರ್ ಟಿಲ್ಲರ್ ತಂದರು. ಗದ್ದೆ ಹೂಡಲು ಅದಕ್ಕೆ ಹಲ್ಲುಗಳಿದ್ದವು. ಹೇರು ಹೊರಲು ಹಿಂದೆ ಸಿಕ್ಕಿಸುವ ಎರಡು ಗಾಲಿಯ ಟ್ರೇಲರ್ ಇತ್ತು. "ಎತ್ತು ಹೊಡದೋನಿಗೆ ಇದೆಂತ ಮಹಾ ಮಾರಾಯ, ಹ್ಯಾಂಡಲ್ ಹಿಡಿ," ಎಂದು ಕನ್ನಪ್ಪನನ್ನೇ ಕೂರಿಸಿದರು. ಕನ್ನಪ್ಪ ಜೋಡೆತ್ತನ್ನು ಮಾರಿಬಿಟ್ಟ. ಹೆಂಡತಿ ದುಗ್ಗಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ, "ಸಗಣಿ ಹಾಕ್ದಿರೋ ಎತ್ತು ಕಟ್ಕಂಡು ಕುಣೀತಿದ್ದಿ, ನಾಳೆ ಅಂಗಳ ಸಾರ್ಸೋಕೆ ಎಂತ ತರ್ತೀ, ಡೀಸೆಲ್ಲಾ?" ಎಂದಳು.

ಆರು ತಿಂಗಳು ಎಲ್ಲ ಸರಿಯಾಗಿತ್ತು. ಮೇ ತಿಂಗಳಲ್ಲಿ ಶಾಲೆಯ ಗೋಡೆಗೆಂದು ಜಂಬಿಟ್ಟಿಗೆ ಕಲ್ಲು ಹೊರುವಾಗ, ಗುಡ್ಡದ ಏರಿನಲ್ಲಿ ಕಟಕ್ ಎಂದಿತು. ಇಳಿದು ನೋಡಿದರೆ, ಟ್ರೇಲರನ್ನು ಟಿಲ್ಲರಿಗೆ ಸಿಕ್ಕಿಸುವ ಕಬ್ಬಿಣದ ಚೌಕಟ್ಟು ಸೀಟಿನ ಕೆಳಗೆ ಬಾಯಿ ಬಿಟ್ಟಿತ್ತು. ಕನ್ನಪ್ಪ ಬಿರುಕಿನ ಮೇಲೆ ಬೆರಳಾಡಿಸಿದ. ಮರವಾಗಿದ್ದರೆ ಗೆದ್ದಲೋ ಗಂಟೋ ಎಂದು ಹೇಳಬಲ್ಲ. ಕಬ್ಬಿಣದ ಹೊಟ್ಟೆಯಲ್ಲಿ ಏನಿದೆಯೆಂದು ಯಾರು ಬಲ್ಲರು?

ಹೊಸನಗರದ ವೆಲ್ಡಿಂಗ್ ಶಾಪಿನ ಜಟ್ಟಿಂಗಪ್ಪ ಬೆಸುಗೆ ಹಾಕಿ, "ತಗಡು ತೆಳು ಮಾರಾಯ, ಬಯಲುಸೀಮೆಗೆ ಮಾಡಿದ್ದು ಇದು. ನಿಂದೆಂತ ತಪ್ಪಿಲ್ಲ," ಎಂದ. ಕನ್ನಪ್ಪನಿಗೆ ಜೀವ ಬಂದಂತಾಯಿತು. ಹದಿನೈದೇ ದಿನಕ್ಕೆ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರಿಯಿತು. ಈ ಸಲ ಜಟ್ಟಿಂಗಪ್ಪನೇ ತಲೆ ಕೆರೆದುಕೊಂಡ. "ಹಾರ್ಸಿ ಹೊಡಿತಿಯನಾ ಎಂತ ಕತೆ?"

"ನಾನು ಹಾರ್ಸೋದಾ? ತೊಟ್ಲು ತೂಗ್ದಂಗೆ ಹೊಡಿತೀನಿ."

"ಹಂಗಾದ್ರೆ ನಂಗೂ ತಿಳೀದಿಲ್ಲ ಬಿಡು."

ಗೌಡರು ಕಂಪನಿಗೆ ಕಾಗದ ಬರೆದರು. ವರ್ಷ ತುಂಬುವ ಮೊದಲು ಚೌಕಟ್ಟು ತಾನಾಗಿ ಮುರಿದರೆ ಕಂಪನಿ ಹೊಸದು ಕೊಡುತ್ತದೆ, ಓಡಿಸಿದವನ ತಪ್ಪಾದರೆ ಇಲ್ಲ. ಕನ್ನಪ್ಪನನ್ನು ಜಗಲಿಗೆ ಕರೆದು ನೇರವಾಗಿಯೇ ಹೇಳಿದರು: "ನೋಡು ಕನ್ನಪ್ಪ, ತಪ್ಪು ನಿಂದೇ ಅಂತಾದ್ರೆ ಹ್ಯಾಂಡಲ್ ಬೇರೆಯವ್ರಿಗೆ ಕೊಡ್ಬೇಕಾಗ್ತದೆ. ಬೇಜಾರು ಮಾಡ್ಕಬ್ಯಾಡ."

ಎತ್ತಿಲ್ಲ, ಗಾಡಿಯ ಗಾಲಿ ಬಚ್ಚಲ ಹಿಂದೆ ಒರಗಿ ಕೂತಿವೆ. ಹ್ಯಾಂಡಲ್ಲೂ ಹೋದರೆ ಗಿರಿಯಪ್ಪನ ಮೊಮ್ಮಗ ಇನ್ನೊಬ್ಬ ಹೊಡೆಯುವ ಗಾಡಿಗೆ ಕಲ್ಲು ಎತ್ತಿಕೊಡುವ ಆಳಾಗಬೇಕು. ಕನ್ನಪ್ಪ ಹೊಡೆದ ಹಾದಿಯನ್ನೆಲ್ಲ ಮನಸ್ಸಿನಲ್ಲೇ ಮತ್ತೆ ಹೊಡೆದ. ಯಾವ ಗುಂಡಿಯಲ್ಲಿ ಇಳಿಸಿದೆ, ಯಾವ ಕಲ್ಲು ಹತ್ತಿಸಿದೆ ಎಂದು ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಇಲ್ಲವೆನ್ನಲು ಧೈರ್ಯವೂ ಬರಲಿಲ್ಲ.

ಕಂಪನಿಯ ಇಂಜಿನಿಯರ್ ಸಾಗರದ ಬಸ್ಸಿನಲ್ಲಿ ಬಂದ. ಪ್ಯಾಂಟಿನ ತುದಿ ಮಡಚಿಕೊಂಡು, ಬಿರುಕಿಗೆ ಭೂತಗನ್ನಡಿ ಹಿಡಿದು ನೋಡಿದ. ಜಟ್ಟಿಂಗಪ್ಪನಿಂದ ಬಿರುಕಿಗೆ ಸದ್ಯಕ್ಕೊಂದು ಅಡ್ಡಪಟ್ಟಿ ಹಾಕಿಸಿ, "ದಿನಾ ಹೇಗೆ ಹೇರ್ತೀರೋ ಹಾಗೇ ಹೇರಿ ತೋರಿಸಿ," ಎಂದ.

ಕನ್ನಪ್ಪನಿಗೆ ಹುಮ್ಮಸ್ಸು ಬಂತು. ತಲೆವಸ್ತ್ರ ಬಿಗಿದು, ಒಂದೊಂದೇ ಕಲ್ಲನ್ನು ಕೈಯಲ್ಲಿ ತೂಗಿ, ಗಟ್ಟಿಯಾದವನ್ನು ಮುಂದಕ್ಕೂ ಹಗುರಾದವನ್ನು ಹಿಂದಕ್ಕೂ ಜೋಡಿಸಿದ. ಕೊನೆಗೆ ಚೌಕಟ್ಟಿನ ತುದಿಗೆ ಅಂಗೈ ಕೊಟ್ಟು ಎತ್ತಿ ನೋಡಿ, "ಕೂತ್ಕಂತು," ಎಂದ. ನೆರೆದವರು ತಲೆದೂಗಿದರು.

ಇಂಜಿನಿಯರ್ ಕೈಯಲ್ಲಿದ್ದ ಕಂಪನಿಯ ಪುಸ್ತಕ ಮುಚ್ಚಿದ. "ಇದೇ ನೋಡಿ ತಪ್ಪು. ಭಾರ ಎಲ್ಲಾ ಮುಂದೆ ಬಿದ್ದಿದೆ. ದಿನಾ ಹೀಗೆ ಅದುಮಿದ್ರೆ ಚೌಕಟ್ಟು ಮುರಿಯದೆ ಏನಾಗುತ್ತೆ? ಸಮನಾಗಿ ಹೇರ್ಬೇಕು ಅಂತ ಪುಸ್ತಕದಲ್ಲೇ ಇದೆ."

ಕನ್ನಪ್ಪ ತಾನು ಜೋಡಿಸಿದ ಕಲ್ಲುಗಳನ್ನು ನೋಡಿದ. ಗಂಟು ಬಿದ್ದ ಅಜ್ಜನ ಹೆಗಲು ಕಣ್ಣಮುಂದೆ ಬಂತು. ಯಾವ ವಿದ್ಯೆ ಎತ್ತಿನ ಗಂಟಲು ಉಳಿಸಿತ್ತೋ ಅದೇ ಕಬ್ಬಿಣದ ಬೆನ್ನು ಮುರಿಯಿತೇ? ಬಾಯಿಗೆ ಬಂದದ್ದು ಒಂದೇ ಮಾತು: "ಹಂಗಾದ್ರೆ ನೀವೇ ಹೇರಿ ಸ್ವಾಮಿ. ಆ ಏರು ಹತ್ಸಿ."

ಇಂಜಿನಿಯರ್ ಬಿಡುವವನಲ್ಲ. ಕಲ್ಲುಗಳನ್ನು ಹಿಂದೆ ಮುಂದೆ ಸಮನಾಗಿ ಹರಡಿಸಿ, ತಾನೇ ಹ್ಯಾಂಡಲ್ ಹಿಡಿದ. ಹಿಂದಿನ ದಿನದ ಮಳೆಗೆ ಕೆಂಪುಮಣ್ಣು ಬೆಣ್ಣೆಯಾಗಿತ್ತು. ಅರ್ಧ ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗಿತು. ಟಿಲ್ಲರಿನ ಗಾಲಿಗಳು ನೆಲ ಕಚ್ಚದೆ ಗರಗರ ತಿರುಗಿ, ಕೆಸರನ್ನು ಗೌಡರ ಪಂಚೆಯವರೆಗೂ ಎರಚಿದವು. ಇಡೀ ಗಾಡಿ ಹಿಮ್ಮುಖವಾಗಿ ಜಾರತೊಡಗಿತು. ಕನ್ನಪ್ಪ ಓಡಿಹೋಗಿ ಗಾಲಿಗೆ ಕಲ್ಲು ಕೊಟ್ಟ. ಕೆಳಗಿಳಿದ ಇಂಜಿನಿಯರನ ಮುಖ ಬಿಳಿಚಿತ್ತು.

"ಪುಸ್ತಕ ಏರು ನೋಡಿಲ್ಲ ಕಾಣ್ತದೆ," ಎಂದ ಜಟ್ಟಿಂಗಪ್ಪ. ಎಲ್ಲರೂ ನಕ್ಕರು.

ಕನ್ನಪ್ಪ ನಗಲಿಲ್ಲ. ಗೆದ್ದೆನೆಂದೂ ಅನ್ನಿಸಲಿಲ್ಲ. ಮುಂದೆ ಹೇರಿದರೆ ಚೌಕಟ್ಟು ಮುರಿಯುತ್ತದೆ, ಹೇರದಿದ್ದರೆ ಗಾಡಿ ಹತ್ತುವುದಿಲ್ಲ. ಹಾಗಾದರೆ ತಪ್ಪು ಹೇರಿದವನದೋ, ಮಾಡಿದವನದೋ, ಈ ಗುಡ್ಡದ್ದೋ? ಅಷ್ಟು ಹೊತ್ತಿಗೆ ಇನ್ನೊಂದು ನೆನಪಾಯಿತು. ಮೊದಲು ಮುರಿದ ದಿನವೂ ಮಳೆ ಬಿದ್ದಿತ್ತು. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು, ನೆನೆದರೆ ಇನ್ನಷ್ಟು ಭಾರ. ಅವತ್ತು ಅವನು ಕಲ್ಲನ್ನು ಎಣಿಸಿದ್ದ. ಕೈಯಲ್ಲಿ ತೂಗಿದ್ದನೇ? ತೂಗಿದ್ದೆ ಎಂದು ಒಂದು ಮನಸ್ಸು, ಮತ್ತೆ ಮಳೆ ಬರುವ ಗಡಿಬಿಡಿಯಲ್ಲಿ ಬಿಟ್ಟೆಯಲ್ಲ ಎಂದು ಇನ್ನೊಂದು.

ಇಂಜಿನಿಯರ್ ಕೈಕಾಲು ತೊಳೆದು ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ದನಿ ತಗ್ಗಿಸಿದ. "ಹಿರಿಯರೇ, ನೀವು ಗಾಲಿಗೆ ಕಲ್ಲು ಕೊಡದಿದ್ರೆ ನನ್ನ ಕತೆ ಮುಗೀತಿತ್ತು, ನಾನು ನಿಮಗೆ ಸಹಾಯ ಮಾಡ್ತೀನಿ. ಕಬ್ಬಿಣದ ದೋಷ ಅಂತ ಬರೀತೀನಿ. ಭಾರ ಸಮನಾಗಿ ಹಾಕಿದ್ದೆ, ಕಲ್ಲು ಮಳೇಲಿ ನೆನೆದಿರ್ಲಿಲ್ಲ ಅಂತ ನೀವು ಒಂದು ರುಜು ಹಾಕಿ, ಸಾಕು. ಹೊಸ ಚೌಕಟ್ಟು ಬರುತ್ತೆ."

ಗೌಡರ ಮುಖ ಅರಳಿತು. "ಹಾಕು ಕನ್ನಪ್ಪ. ಹ್ಯಾಂಡಲ್ ನಿಂದೇ ಇನ್ನು. ಎಂತ ಯೋಚ್ನೆ ಮಾಡ್ತಿ? ಇದೊಂದು ಸಲ ನಮ್ ಮಾತು ಕೇಳು."

ಪೆನ್ನು ಕೈಗೆ ಬಂತು. ಕನ್ನಪ್ಪ ಅದನ್ನು ಕಲ್ಲು ತೂಗಿದಂತೆ ಅಂಗೈಯಲ್ಲಿ ತೂಗಿದ. ಅಂಗಳದಲ್ಲಿ ಟ್ರೇಲರ್ ಮೂಗು ನೆಲಕ್ಕೆ ಊರಿ, ನೀರು ಕುಡಿಯುವ ದನದ ಹಾಗೆ ನಿಂತಿತ್ತು. ಅವನು ಪೆನ್ನನ್ನು ಕಾಗದದ ಮೇಲೆ ಮೆಲ್ಲಗೆ ಇಟ್ಟು ಎದ್ದ.

"ಬ್ಯಾಡ ಸ್ವಾಮಿ, ನಿಮ್ಮ ಸಹಾಯ ಬ್ಯಾಡ. ಗೌಡ್ರೇ, ಹ್ಯಾಂಡಲ್ ಯಾರಿಗೆ ಬೇಕಾರೂ ಕೊಡಿ. ಮುರಿದಿದ್ದು ನಾನೋ ಕಬ್ಬಿಣವೋ ನಂಗೇ ಇನ್ನೂ ಗೊತ್ತಾಗ್ಲಿಲ್ಲ. ಕಬ್ಬಿಣದ್ದೇ ಅಂತ ನಾನು ಹ್ಯಾಂಗೆ ರುಜು ಹಾಕ್ಲಿ? ಮೂಕಿ ಭಾರ ಹಾಕಿದ್ದು ಹೌದು. ಅದನ್ನ ಹಾಕ್ಲಿಲ್ಲ ಅಂತ ಮಾತ್ರ ನನ್ ಕೈಲಿ ಬರ್ಸಬ್ಯಾಡಿ."