ನೆಲಕ್ಕೆ ತಾಗದ ಅಂಗಾಲು

ನಮ್ಮ ಚಿಕ್ಕಪ್ಪನ ಮಗಳು ಬ್ಯಾಲೆ ಡ್ಯಾನ್ಸರ್ ಆಗುತ್ತೇನೆ ಎಂದಾಗ ಮನೆಯಲ್ಲಿ ಮೊದಲು ನಕ್ಕವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಒಳ್ಳೆಯವಳು ಅಂದುಕೊಂಡು ಓದಿ, ಆಮೇಲೆ ನನ್ನ ಮೇಲೆ ರೇಗಬೇಡಿ.

ಅವಳಿಗೆ ಆಗ ಹನ್ನೆರಡು, ನನಗೆ ಇಪ್ಪತ್ತು. ಹಳೇಕೋಟೆಯಲ್ಲಿ ಒಂದೇ ಮನೆಯ ನಡುವೆ ಗೋಡೆ ಎತ್ತಿ ಎರಡು ಒಲೆ ಮಾಡಿಕೊಂಡಿದ್ದೆವು. ಆ ವರ್ಷದ ಬೇಸಿಗೆ ರಜೆಯಲ್ಲಿ ಹೊಳೆನರಸೀಪುರದ ಒಂದು ಶಾಲೆಯಲ್ಲಿ ಮಕ್ಕಳ ಶಿಬಿರ ಇತ್ತು. ಚಿತ್ರ ಬರೆಯುವುದು, ಮಣ್ಣಿನ ಗೊಂಬೆ ಮಾಡುವುದು, ಅದರ ಜೊತೆಗೆ ಹತ್ತು ದಿನ ಬ್ಯಾಲೆ. ಎಲ್ಲಿಂದಲೋ ಬಂದಿದ್ದ ತೆಳ್ಳನೆಯ ಮೇಡಂ ಒಬ್ಬರು ಕಲಿಸುತ್ತಿದ್ದರು. ಕಿಟಕಿಯ ಸರಳು ಹಿಡಿದುಕೊಂಡು ಗಂಟೆಗಟ್ಟಲೆ ಮಂಡಿ ಬಗ್ಗಿಸುವುದು, ಹಿಮ್ಮಡಿ ಎತ್ತುವುದು, ಇಷ್ಟೇ. ಮಿಕ್ಕ ಮಕ್ಕಳು ಎರಡನೇ ದಿನಕ್ಕೇ ಮಣ್ಣಿನ ಗೊಂಬೆಯ ಕಡೆ ಓಡಿಹೋದವು. ಇವಳೊಬ್ಬಳು ಉಳಿದಳು.

ಕೊನೆಯ ದಿನ ಆ ಮೇಡಂ ಇವಳನ್ನು ಬೆಂಚಿನ ಮೇಲೆ ಕೂರಿಸಿ, ಪಾದವನ್ನು ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, ಇಂಥ ಪಾದ ಸಿಗುವುದು ಅಪರೂಪ ಎಂದರಂತೆ. ಅಂಗಾಲಿನ ನಡುವೆ ಅಷ್ಟು ಎತ್ತರದ ಕಮಾನು ಇದ್ದರೆ ತುದಿಗಾಲಲ್ಲಿ ನಿಂತಾಗ ಕಾಲು ಒಂದೇ ಗೆರೆಯಾಗಿ ಕಾಣುತ್ತದಂತೆ. ಮನೆಗೆ ಬಂದವಳು ಬ್ಯಾಗು ಇಡದೆ ಇದನ್ನೇ ಮೂರು ಸಲ ಹೇಳಿದಳು.

ಅದೇ ಪಾದ ನಮ್ಮ ಅಜ್ಜಿಯ ಕಣ್ಣಿಗೆ ದರಿದ್ರದ ಪಾದ. ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದರೆ ಅವಳ ಹೆಜ್ಜೆ ನೆಲದ ಮೇಲೆ ಹಿಮ್ಮಡಿ ಒಂದು ಕಡೆ, ಬೆರಳು ಒಂದು ಕಡೆ ಮೂಡುತ್ತಿತ್ತು, ನಡುವೆ ಖಾಲಿ. "ಪೂರ್ತಿ ಕಾಲೂರದ ಎಣ್ಣು ಒಂದ್ಕಡೆ ನಿಲ್ಲಾಕಿಲ್ಲ ಕಣವ್ವ," ಎಂದು ಅಜ್ಜಿ ನಮ್ಮ ಚಿಕ್ಕಮ್ಮನಿಗೆ ದಿನಕ್ಕೊಂದು ಸಲ ಚುಚ್ಚುತ್ತಿತ್ತು. ಚಿಕ್ಕಮ್ಮ ಮಗಳ ಹೆಜ್ಜೆಯನ್ನು ಹಿಂದೆಯೇ ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದಳು.

ಮೇಡಂ ಇನ್ನೊಂದು ಮಾತನ್ನೂ ಹೇಳಿ ಹೋಗಿದ್ದರು. ಅವರಿಗೆ ಗೊತ್ತಿರುವ ಬ್ಯಾಲೆ ಶಾಲೆಯೊಂದು ವರ್ಷಕ್ಕೆ ಕೆಲವು ಮಕ್ಕಳನ್ನು ಆರಿಸಿಕೊಂಡು, ಊಟ, ವಸತಿ, ಓದು ಎಲ್ಲ ತಾನೇ ನೋಡಿಕೊಂಡು ಕಲಿಸುತ್ತದೆ, ಒಂದು ವಿಡಿಯೋ ಮಾಡಿ ಕಳಿಸಿ, ಆಯ್ಕೆಯಾದರೆ ಅವರೇ ಫೋನ್ ಮಾಡುತ್ತಾರೆ. ಚಿಕ್ಕಪ್ಪನ ಹತ್ತಿರ ಇದ್ದದ್ದು ಬಟನ್ ಫೋನು. ಹಾಗಾಗಿ ವಿಡಿಯೋ ತೆಗೆದದ್ದೂ ನನ್ನ ಫೋನಿನಲ್ಲಿ, ಅರ್ಜಿಯಲ್ಲಿ ಬರೆದದ್ದೂ ನನ್ನ ನಂಬರು.

ತಾರಸಿಯ ಮೇಲೆ ನೀರಿನ ಟ್ಯಾಂಕಿನ ಪೈಪು ಹಿಡಿದುಕೊಂಡು ಅವಳು ನಿಂತಳು. ಕಪ್ಪು ಟೈಟ್ಸು, ಶಾಲೆಯ ಬಿಳಿ ಬನಿಯನ್ನು, ತಲೆಗೆ ಎಣ್ಣೆ ಹಚ್ಚಿ ಕಟ್ಟಿದ ಗಂಟು. ಮೂರು ನಿಮಿಷದ ವಿಡಿಯೋ. ಅರ್ಧ ಆಗಿದೆ ಅನ್ನುವಾಗ ಅಜ್ಜಿಯ ಕೋಳಿಯೊಂದು ಮೆಟ್ಟಿಲು ಹತ್ತಿ ಬಂದು, ಅವಳ ಕಾಲ ಕೆಳಗೇ ಕೊಕ್ಕೊಕ್ಕೊ ಅಂತ ದಾಟಿಕೊಂಡು ಹೋಯಿತು. ನಾನು ಕಿಸಕ್ಕನೆ ನಕ್ಕೆ. ಅವಳು ಒಂದು ಕಾಲಿನ ತುದಿಯಲ್ಲಿ ನಿಂತವಳು ರೆಪ್ಪೆ ಹೊಡೆಯಲಿಲ್ಲ. ಮತ್ತೆ ತೆಗೆಯೋಣ ಎಂದಳು. ಬಿಸಿಲಾಯಿತು, ನನಗೆ ಆಗಲ್ಲ ಎಂದು ಅದನ್ನೇ ಕಳಿಸಿದೆ. ಆ ಕೋಳಿಯ ವಿಷಯ ಅವಳನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ನನ್ನ ಕಥೆಯನ್ನೂ ಎರಡು ಮಾತಲ್ಲಿ ಹೇಳಬೇಕು. ಹಾಸನದಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಅಷ್ಟರಲ್ಲಿ ಅರಕಲಗೂಡಿನ ಗಂಡಿನ ಕಡೆಯವರು ಒಪ್ಪಿಕೊಂಡರು ಅಂತ ಅಪ್ಪ ಕಾಲೇಜು ಬಿಡಿಸಿದರು. ಜೂನ್‌ನಲ್ಲಿ ಮದುವೆ. ನೀನು ಏನು ಮಾಡಬೇಕು ಅಂತಿದ್ದೀಯ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಮೂರು ನಿಮಿಷ ಯಾರೂ ನನ್ನ ವಿಡಿಯೋ ತೆಗೆದಿರಲಿಲ್ಲ. ಆ ಪುಟ್ಟ ಪಿಶಾಚಿ ಮಾತ್ರ ಗಂಟೆಗೊಂದು ಸಲ ಗೋಡೆಯಾಚೆಯಿಂದ ಬಂದು, "ಅಕ್ಕಾ, ಫೋನ್ ಬಂತಾ?" ಅನ್ನುತ್ತಿತ್ತು. ಉರಿದುಹೋಗುತ್ತಿತ್ತು ನನಗೆ. ಹೊಟ್ಟೆಕಿಚ್ಚು, ಇನ್ನೇನು.

ಸುಳ್ಳು ಫೋನ್ ಮಾಡಿಸುವ ಉಪಾಯ ನನ್ನದೇ. ನಮ್ಮ ಸೋದರಮಾವನ ಮಗ ಹಿರೀಸಾವೆಯ ಹೈವೇ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದ. ಹೆಂಗಸರ ಧ್ವನಿ ತೆಗೆಯುವುದರಲ್ಲಿ ಎತ್ತಿದ ಕೈ. ನೆಂಟರಲ್ಲಿ ಅವನಿಂದ ಬೇಸ್ತು ಬೀಳದವರು ಇರಲಿಲ್ಲ. ಹೋಟೆಲಿನವರ ಫೋನಿನಿಂದ ಅವನು ನನ್ನ ನಂಬರಿಗೆ ಮಾಡಿದ. ನಾನು ಗಾಬರಿಯಾದವಳ ಹಾಗೆ ಅವಳನ್ನು ಕೂಗಿ ಕರೆದು ಕೈಗೆ ಕೊಟ್ಟೆ.

"ಹಲೋ, ಬ್ಯಾಲೆ ಸ್ಕೂಲಿಂದ ಮಾತಾಡ್ತಿರೋದು. ನೀವು ಫಸ್ಟ್ ರೌಂಡ್ ಸೆಲೆಕ್ಟ್ ಆಗಿದೀರ," ಎಂದಿತು ಧ್ವನಿ. "ನಾಳೆ ಹನ್ನೊಂದಕ್ಕೆ ಹಾಸನ ಬಸ್ ಸ್ಟ್ಯಾಂಡಿಗೆ ಬನ್ನಿ. ಅರಕಲಗೂಡು ಬಸ್ ನಿಲ್ಲೋ ಜಾಗದಲ್ಲಿ ಡ್ಯಾನ್ಸ್ ಡ್ರೆಸ್ ಹಾಕ್ಕೊಂಡು ಮಾಡಿ ತೋರಿಸ್ಬೇಕು. ನಮ್ಮೋರು ದೂರದಿಂದ ನೋಡ್ತಿರ್ತಾರೆ. ಜನ ಇದ್ರೂ ಹೆದರ್ತೀರೋ ಇಲ್ವೋ ಅಂತ ಪರೀಕ್ಷೆ."

ಅವತ್ತು ರಾತ್ರಿಯೇ ನಿಜ ಹೇಳಿ ನಗೋಣ ಎಂದು ಅವನು ನನಗೆ ಹೇಳಿದ. ನಾನೇ, ಬಿಡು, ಹೋಗಲಿ, ನೋಡೋಣ ಎಂದೆ.

ಮಾರನೆಯ ದಿನ ಚಿಕ್ಕಮ್ಮ ಕೂಲಿ ಬಿಟ್ಟು, ತನ್ನ ಮದುವೆಯ ಸೀರೆ ಉಟ್ಟು ಮಗಳೊಂದಿಗೆ ಹೊರಟಳು. ನಾನೂ ಜೊತೆಗೆ ಹೋದೆ. ಹನ್ನೊಂದಾಗುತ್ತಿದ್ದ ಹಾಗೆ ಅವಳು ಚೂಡಿದಾರದ ಮೇಲಂಗಿ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟು, ಟೈಟ್ಸು ಬನಿಯನ್ನಲ್ಲಿ ಕಂಬದ ಪಕ್ಕ ನಿಂತಳು. ಕೈ ಎತ್ತಿದಳು. ಹಿಮ್ಮಡಿ ಎತ್ತಿದಳು. ಕಂಡಕ್ಟರುಗಳು ಕೂಗುವುದನ್ನು ನಿಲ್ಲಿಸಿ ನೋಡಿದರು. ಸೌತೆಕಾಯಿ ಮಾರುವವರು ಬುಟ್ಟಿ ಇಳಿಸಿ ಬಂದರು. ನೋಡನೋಡುತ್ತಾ ಜನ ಸುತ್ತುಗಟ್ಟಿತು. ಅವಳ ಕಣ್ಣು ಎಲ್ಲೋ ದೂರದಲ್ಲಿ ನೆಟ್ಟಿತ್ತು, ಮಾತಿಲ್ಲ ಕತೆಯಿಲ್ಲ, ಮೈಯೆಲ್ಲ ಬೆರಳ ತುದಿಯಲ್ಲಿ. ಮೈಮೇಲೆ ದೇವರು ಬಂದಿದೆ ಅಂದುಕೊಂಡಿತು ಜನ. ಒಬ್ಬಳು ಮುದುಕಿ ಚಪ್ಪಲಿ ಬಿಟ್ಟು ಮುಂದೆ ಬಂದು ಕೈಮುಗಿದು, "ತಾಯೀ, ನನ್ ಸೊಸೆಗೆ ಐದು ವರ್ಸಾಯ್ತು, ಯಾವಾಗ ಬಸ್ರಾಯ್ತಾಳೆ ಯೋಳು ನನ್ನವ್ವ," ಎಂದು ಅವಳ ಕಾಲಿಗೆ ಬಿದ್ದಳು.

ಅವಳು ಆಗಲೂ ಕೈ ಇಳಿಸಲಿಲ್ಲ. ಸ್ಕೂಲಿನವರು ದೂರದಿಂದ ನೋಡುತ್ತಿರುತ್ತಾರಲ್ಲ. ಸೋದರಮಾವನ ಮಗ ಆಚೆ ಹಣ್ಣಿನಂಗಡಿ ಮರೆಯಲ್ಲಿ ನಿಂತು ಎಲ್ಲವನ್ನೂ ವಿಡಿಯೋ ತೆಗೆಯುತ್ತಿದ್ದ.

ಮೂರು ಗಂಟೆಯವರೆಗೆ ಕಾದು ವಾಪಸ್ಸು ಬಂದೆವು. ಅಷ್ಟರಲ್ಲಿ ವಿಡಿಯೋ ನಮ್ಮ ನೆಂಟರ ಗ್ರೂಪಿನಲ್ಲಿ ಎಲ್ಲ ಕಡೆ ಹರಿದಾಡಿತ್ತು. ಚಿಕ್ಕಪ್ಪ ಕೂಡ ನಕ್ಕರು. ಎಲ್ಲರೂ ನಗುತ್ತಾರಲ್ಲ ಅಂತ ಚಿಕ್ಕಮ್ಮನೂ ನಕ್ಕಳು, ಆಮೇಲೆ ಒಳಗೆ ಕರೆದುಕೊಂಡು ಹೋಗಿ ಮಗಳಿಗೆ ಬಾರಿಸಿದಳು. ಹೊರಗೆ ಬಂದವಳು ನನ್ನ ಫೋನಿನಲ್ಲಿ ಅದನ್ನು ಎರಡು ಸಲ ನೋಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ. "ಬಲಗೈ ಮೊಣಕೈ ಬಗ್ಗೋಗೈತೆ ನೋಡಕ್ಕ," ಎಂದಳು. ಆಮೇಲೆ ತಲೆ ಎತ್ತಿ, "ನಿಂಗೂ ಗೊತ್ತಿತ್ತಾ?" ಎಂದಳು. ನಾನು ನಕ್ಕೆ. ಆಗ ಅತ್ತಳು, ಬಿಕ್ಕಿ ಬಿಕ್ಕಿ ಅತ್ತಳು. ಅವತ್ತಿನಿಂದ ನನ್ನ ಫೋನು ಮುಟ್ಟಲಿಲ್ಲ, ಫೋನ್ ಬಂತಾ ಎಂದು ಕೇಳಲೂ ಇಲ್ಲ. ತಾರಸಿಯ ಮೇಲೆ ಪೈಪು ಹಿಡಿದು ನಿಲ್ಲುವುದನ್ನು ಮಾತ್ರ ಬಿಡಲಿಲ್ಲ.

ಮೇ ಕೊನೆಯ ವಾರ. ಬಿತ್ತನೆಗೆ ಆಲೂಗೆಡ್ಡೆ ಹೋಳು ಮಾಡುತ್ತಿದ್ದೆವು. ಅಂಗಳದಲ್ಲಿ ಐದಾರು ಹೆಂಗಸರು, ಅವರ ನಡುವೆ ಅವಳೂ, ಗುಡ್ಡೆಯ ಸುತ್ತ ಕೂತು, ಒಂದೊಂದು ಹೋಳಿಗೂ ಎರಡು ಮೊಳಕೆಯ ಕಣ್ಣು ಬರುವ ಹಾಗೆ ಕೊಯ್ಯುತ್ತಿದ್ದರು. ಬೆಳಿಗ್ಗೆ ಹತ್ತರ ಹೊತ್ತು. ನನ್ನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಕೈಯೆಲ್ಲ ಮಣ್ಣಾಗಿದ್ದರಿಂದ ಸ್ಪೀಕರಿಗೆ ಹಾಕಿದೆ.

"ಹಲೋ, ಬ್ಯಾಲೆ ಸ್ಕೂಲಿಂದ ಮಾತಾಡ್ತಾ ಇದೀವಿ," ಎಂದಿತು ಒಂದು ಹೆಂಗಸಿನ ಧ್ವನಿ.

ಅಂಗಳವೆಲ್ಲ ಗೊಳ್ಳೆಂದಿತು. ನಾನೂ ಸೋದರಮಾವನ ಮಗನದೇ ಕೆಲಸ ಅಂದುಕೊಂಡೆ. ಅವಳು ಕೈಯಲ್ಲಿದ್ದ ಚಾಕು ಬಿಸಾಡಿ ಬಂದು ಫೋನು ಕಿತ್ತುಕೊಂಡಳು.

"ಲೋ ಬೇವರ್ಸಿ, ಇನ್ನೊಂದ್ಸಲ ಫೋನ್ ಮಾಡುದ್ರೆ ಕೆರ ತಕೊಂಡ್ ಮಕಕ್ಕೆ ಒಡಿತೀನಿ ಕಣ್ಲಾ! ನಿಮ್ಮವ್ವುನ್ ತಾವ ಕುಣ್ಸು ಓಗು! ಮುಚ್ಕಂಡ್ ಮಡುಗ್ಲಾ ಫೋನ!"

ಇನ್ನೂ ಏನೇನೋ ಬೈದಳು. ಹೆಂಗಸರು ತೊಡೆ ತಟ್ಟಿಕೊಂಡು ನಕ್ಕರು. ಅವಳು ಫೋನನ್ನು ನನ್ನ ಮಡಿಲಿಗೆ ಎಸೆದು ಹೋಗಿ ಮತ್ತೆ ಗುಡ್ಡೆಯ ಮುಂದೆ ಕೂತಳು. ಕರೆ ಇನ್ನೂ ಕಡಿದಿರಲಿಲ್ಲ. ನಾನು ಸ್ಪೀಕರ್ ತೆಗೆದು ಕಿವಿಗೆ ಇಟ್ಟುಕೊಂಡೆ.

"ಹಲೋ? ಮನೇಲಿ ದೊಡ್ಡೋರು ಯಾರಾದ್ರೂ ಇದಾರಾ?" ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ನಾವು ವಿಡಿಯೋ ನೋಡಿದ್ವಿ. ಮಧ್ಯದಲ್ಲಿ ಒಂದು ಕೋಳಿ ಬರುತ್ತಲ್ಲ, ತುಂಬಾ ನಕ್ಕುಬಿಟ್ವಿ. ಆದ್ರೆ ಆ ಹುಡುಗಿ ಕಣ್ಣು ಅಲ್ಲಾಡಿಸಲಿಲ್ಲ ನೋಡಿ, ಅದು ನಮಗೆ ಬಹಳ ಹಿಡಿಸ್ತು. ಅವಳನ್ನ ತಗೊಳ್ತಾ ಇದೀವಿ."

ಕೋಳಿಯ ವಿಷಯ ಸೋದರಮಾವನ ಮಗನಿಗೆ ಗೊತ್ತಿರಲಿಲ್ಲ. ಎದುರಿಗೆ ಅವಳು ಬೆನ್ನು ತಿರುಗಿಸಿ ಕೂತು ಆಲೂಗೆಡ್ಡೆ ಕೊಯ್ಯುತ್ತಿದ್ದಳು. ಕೂಗಿದ್ದರೆ ಸಾಕಿತ್ತು. ಒಂದು ಮಾತು, ಲೇ ಬಾರೇ ಇಲ್ಲಿ, ಅಷ್ಟೇ.

"ರಾಂಗ್ ನಂಬರ್ ಮೇಡಂ," ಎಂದು ಇಟ್ಟುಬಿಟ್ಟೆ.

ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಗಾಬರಿಯಲ್ಲಿ ಆಯಿತು ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಳ್ಳಲು ಆಗುವುದಿಲ್ಲ. ಯಾಕೆಂದರೆ ಮಧ್ಯಾಹ್ನ ಊಟದ ಹೊತ್ತಿಗೆ ಮೆಸೇಜ್ ಬಂತು. ಹುಡುಗಿಯ ಹೆಸರು ಬರೆದು, ಯಾವತ್ತು ಬರಬೇಕು, ಏನೇನು ತರಬೇಕು, ಶನಿವಾರದೊಳಗೆ ಒಪ್ಪಿಗೆ ತಿಳಿಸದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ ಎಂದು ಎಲ್ಲ ಬಿಡಿಸಿ ಬರೆದಿದ್ದರು. ಅದನ್ನು ನಾನು ಮೂರು ದಿನ ಇಟ್ಟುಕೊಂಡಿದ್ದೆ. ದಿನಾ ತೆಗೆದು ಓದುತ್ತಿದ್ದೆ. ಶನಿವಾರ ಸಂಜೆ ಅಳಿಸಿ ಹಾಕಿದೆ. ನಾನು ಅರಕಲಗೂಡಿಗೆ ಹೋಗಿ ಮುದ್ದೆ ತಿರುವಬೇಕು, ಇವಳು ಕಾಲೆತ್ತಿಕೊಂಡು ಲೋಕ ಸುತ್ತಬೇಕೇ? ಆಗ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಇದಕ್ಕಿಂತ ಚೆಂದದ ಕಾರಣ ನನ್ನ ಹತ್ತಿರ ಇಲ್ಲ.

ನನ್ನ ಮದುವೆಗೆ ಎರಡು ದಿನ ಇರುವಾಗ ಅವಳು ಬಂದು ಪಕ್ಕದಲ್ಲಿ ಕೂತಳು. ಮೆಲ್ಲಗೆ, "ಕೊನೆಗೂ ಫೋನ್ ಬರ್ನಿಲ್ಲ ಅಲ್ವಾ ಅಕ್ಕ?" ಎಂದಳು.

"ಇಲ್ಲ ಕಣೇ."

"ಕೋಳಿ ಅಡ್ಡ ಬಂತಲ್ಲ, ಅದ್ಕೇ ಬ್ಯಾಡ ಅಂದ್ಬುಟ್ರು ಅನ್ಸುತ್ತೆ."

"ಇರ್ಬೋದು," ಎಂದೆ.

ಆಮೇಲೆ ಆ ಕೋಳಿ ಕಂಡರೆ ಸಾಕು ಅವಳು ಕಲ್ಲು ಬೀರುತ್ತಿದ್ದಳಂತೆ. ತಾರಸಿ ಹತ್ತುವುದನ್ನೂ ನಿಲ್ಲಿಸಿದಳಂತೆ. ತವರಿಗೆ ಹೋದಾಗ ಚಿಕ್ಕಮ್ಮ ಇದನ್ನು ಸಂತೋಷದಿಂದ ಹೇಳುತ್ತಿದ್ದಳು, ಸದ್ಯ ಬುದ್ಧಿ ಬಂತು ಎಂದು. ಪಿಯುಸಿ ಮುಗಿಸಿ ಹಾಸನದ ಗಾರ್ಮೆಂಟ್ಸಿಗೆ ಸೇರಿದಳು. ದಿನವಿಡೀ ನಿಂತು ಶರ್ಟುಗಳ ದಾರ ಕತ್ತರಿಸುವ ಕೆಲಸ. ಅಂಗಾಲು ನೋಯುತ್ತದೆ, ನಡುವೆ ಊರುವುದಿಲ್ಲವಲ್ಲ, ಭಾರವೆಲ್ಲ ಹಿಮ್ಮಡಿಗೇ ಬೀಳುತ್ತದೆ ಎನ್ನುತ್ತಿದ್ದಳು.

ಕಳೆದ ತಿಂಗಳು ಅವಳ ಮದುವೆಯಾಯಿತು. ಗಂಡು ಚನ್ನರಾಯಪಟ್ಟಣದ ಕಡೆಯವನು. ಹಿಂದಿನ ದಿನ ಅರಿಶಿನದ ಶಾಸ್ತ್ರ. ಅಕ್ಕನಾದವಳು ಕಾಲಿಗೆ ಹಚ್ಚಬೇಕು ಎಂದು ನನ್ನ ಕೈಗೇ ಬಟ್ಟಲು ಕೊಟ್ಟರು. ಅವಳು ಹಸೆಮಣೆಯ ಮೇಲೆ, ನಾನು ಕೆಳಗೆ. ಅವಳ ಪಾದವನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಸುತ್ತಲಿದ್ದ ಹೆಂಗಸರು ತಮ್ಮ ತಮ್ಮ ಮಾತಿನಲ್ಲಿದ್ದರು. ಅವಳು ಬಗ್ಗಿ ನನಗೊಬ್ಬಳಿಗೇ ಕೇಳುವಂತೆ, "ಅಕ್ಕಾ, ಒಂದ್ ಕೇಳ್ತೀನಿ, ನಿಜ ಯೋಳು," ಎಂದಳು. "ಆವತ್ತು ಆಲೂಗೆಡ್ಡೆ ಕುಯ್ವಾಗ ಒಂದ್ ಫೋನ್ ಬಂತಲ್ಲ, ನಾನು ಬೈದ್ನಲ್ಲ, ಅದ್ನೂ ನೀನೇ ಅಲ್ವಾ ಮಾಡ್ಸಿದ್ದು?"

ನಾನು ಅರಿಶಿನ ಕಲಸಿದೆ. ಎಂಟು ವರ್ಷ. ಆ ಎಂಟು ವರ್ಷವೂ ಅವಳು ಆ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದಾಳೆ, ಅದು ನಿಜವಾದ ಫೋನೇ ಆಗಿದ್ದರೆ ಎಂದು ಒಳಗೊಳಗೇ ಸತ್ತಿದ್ದಾಳೆ.

"ಹೂಂ ಕಣೇ. ನಾನೇ ಮಾಡಿಸಿದ್ದು," ಎಂದೆ.

ಅವಳು ದೊಡ್ಡದಾಗಿ ಉಸಿರು ಬಿಟ್ಟಳು. "ಸದ್ಯ, ನನ್ ತಾಯಿ. ನಾನೇ ಬೈದು ಕಳ್ಕಂಡ್ನೇನೋ ಅಂತ ಎಷ್ಟ್ ಒದ್ದಾಡಿದೀನಿ ಗೊತ್ತಾ?" ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು. "ಓಗ್ಲಿ ಬುಡಕ್ಕ. ಆಗ ನಿಂಗೂ ಬುದ್ಧಿ ಇರ್ನಿಲ್ಲ."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತು. ಅದನ್ನು ಇಟ್ಟುಕೊಂಡೆ.

ಅವಳು ಇನ್ನೊಂದು ಕಾಲು ಮುಂದೆ ಚಾಚಿದಳು. ಬೆರಳುಗಳು ತಾವಾಗಿಯೇ ಒಟ್ಟಿಗೆ ಸೇರಿ ಕೆಳಕ್ಕೆ ಚೂಪಾಗಿ ನಿಂತವು. ಅವಳಿಗೆ ಅದರ ಅರಿವೇ ಇರಲಿಲ್ಲ, ಯಾರೊಡನೆಯೋ ಬಳೆಯ ವಿಷಯ ಮಾತಾಡುತ್ತಿದ್ದಳು. ನಾನು ಹಿಮ್ಮಡಿಗೆ ಹಚ್ಚಿದೆ, ಬೆರಳುಗಳಿಗೆ ಹಚ್ಚಿದೆ.

ಚಿಕ್ಕಮ್ಮ ಬಂದು ಬಗ್ಗಿ ನೋಡಿ, "ಇದೇನವ್ವ, ಅಂಗಾಲ್ನಾಗೆ ನಡೂಕೆ ಬುಟ್ಬುಟ್ಟಿದಿಯಲ್ಲ, ಅಲ್ಗೂ ಮೆತ್ತು," ಎಂದಳು. ನಾನು ಬಟ್ಟಲಿಂದ ಇನ್ನಷ್ಟು ಅರಿಶಿನ ತೆಗೆದುಕೊಂಡು ಅಲ್ಲಿಗೂ ಮೆತ್ತಿದೆ.